ಹಾರದ ವೀರನನ್ನು ಬರೆದವರು – ಆರ್. ಕೆ. ಲಕ್ಷ್ಮಣ್

ನೋಟ್‌ಬುಕ್ಕಿನ ಕೊನೇ ಹಾಳೆಯಲ್ಲಿ ಸೂಪರ್‌ಮ್ಯಾನ್ ಚಿತ್ರ ಬರೆಯದವರು ನಮ್ಮ ಕ್ಲಾಸಿನಲ್ಲಿ ಯಾರಿದ್ದಾರೆ? ಬೆನ್ನಿಗೊಂದು ಕೆಂಪು ವಸ್ತ್ರ, ಎದೆ ಮೇಲೊಂದು ಅಕ್ಷರ ಬರೆದರೆ ಆಯ್ತು, ಗುರುತು ಸಿಗುತ್ತೆ. ಆದರೆ 1950ರ ದಶಕದಲ್ಲಿ ಅಮೆರಿಕದ ಟಿ.ವಿ.ಯಲ್ಲಿ ಆ ವೇಷ ಹಾಕಿದ ಜಾರ್ಜ್ ರೀವ್ಸ್ ಮುಖವೇ ಬೇರೆ, 1978ರ ಸಿನಿಮಾದ ಕ್ರಿಸ್ಟೋಫರ್ ರೀವ್ ಮುಖವೇ ಬೇರೆ. ವೇಷ ಬಿಟ್ಟು ಬರೀ ಮುಖದಿಂದ ಇವರು ಇಂಥವರೇ ಅನ್ನಿಸಬೇಕಾದರೆ, ಮೂಗೋ ಗದ್ದವೋ ಯಾವುದು ಎದ್ದು ಕಾಣುತ್ತೋ ಅದನ್ನು ಹಿಗ್ಗಿಸಿ ಬರೀಬೇಕು. ಈ ವಿದ್ಯೆಯಲ್ಲಿ ದೇಶಕ್ಕೇ ಹೆಸರಾದವರು ಮೈಸೂರಿನ ಆರ್. ಕೆ. ಲಕ್ಷ್ಮಣ್.

ಅವರು ಹುಟ್ಟಿದ್ದು 1921ರ ಅಕ್ಟೋಬರ್ 24ರಂದು. ತಂದೆ ಹೆಡ್‌ಮೇಷ್ಟ್ರು. ಕಾದಂಬರಿಕಾರ ಆರ್. ಕೆ. ನಾರಾಯಣ್ ಇವರ ಅಣ್ಣ. ಚಿಕ್ಕಂದಿನಲ್ಲೇ ಮನೆಯ ನೆಲ, ಗೋಡೆ, ಬಾಗಿಲು ಯಾವುದನ್ನೂ ಬಿಡದೆ ಗೀಚುತ್ತಿದ್ದರು. ಒಮ್ಮೆ ಮೇಷ್ಟ್ರು ಎಲ್ಲರಿಗೂ ಒಂದು ಎಲೆ ಬರೆಯಲು ಹೇಳಿದಾಗ ಇವರು ಅರಳಿ ಎಲೆ ಬರೆದು ಶಹಭಾಸ್ ಅನ್ನಿಸಿಕೊಂಡರು. (ನಾನು ಮೇಷ್ಟ್ರ ಮೀಸೆ ಬರೆದು ಅನ್ನಿಸಿಕೊಂಡದ್ದೇ ಬೇರೆ!) ಇಂಗ್ಲೆಂಡಿನ ಡೇವಿಡ್ ಲೋ ಎಂಬ ವ್ಯಂಗ್ಯಚಿತ್ರಕಾರರೆಂದರೆ ಇವರಿಗೆ ಪ್ರಾಣ. ಆದರೆ ಅವರ ಸಹಿಯನ್ನು ಬಹಳ ಕಾಲ ಕೌ, ಅಂದರೆ ಹಸು ಅಂತಲೇ ಓದಿಕೊಂಡಿದ್ದರಂತೆ!

ಬೊಂಬಾಯಿಯ ಜೆ. ಜೆ. ಕಲಾ ಶಾಲೆಗೆ ಅರ್ಜಿ ಹಾಕಿದರು. ಸೇರಿಸಿಕೊಳ್ಳುವಷ್ಟು ಪ್ರತಿಭೆ ಇಲ್ಲ ಅಂತ ಉತ್ತರ ಬಂತು. ಲಕ್ಷ್ಮಣ್ ಪೆನ್ಸಿಲ್ ಕೆಳಗಿಡಲಿಲ್ಲ. ಮಹಾರಾಜಾ ಕಾಲೇಜಿನಲ್ಲಿ ಓದುತ್ತಲೇ ಅಣ್ಣನ ಕಥೆಗಳಿಗೆ ಚಿತ್ರ ಬರೆದರು. ಡಾ. ಎಂ. ಶಿವರಾಂ, ಅಂದರೆ ರಾಶಿಯವರು, 1942ರಲ್ಲಿ ಶುರು ಮಾಡಿದ ಕೊರವಂಜಿ ಪತ್ರಿಕೆಗೂ ಬರೆದರು. 1947ರಲ್ಲಿ ಟೈಮ್ಸ್ ಆಫ್ ಇಂಡಿಯಾ ಸೇರಿ ಅಲ್ಲಿ ಐವತ್ತು ವರ್ಷಕ್ಕೂ ಹೆಚ್ಚು ಕಾಲ ಬರೆದರು.

ಅಲ್ಲಿ 1951ರಿಂದ ಅವರ ವೀರ ದಿನಾ ಬರತೊಡಗಿದ. ಅವನೇ ಶ್ರೀಸಾಮಾನ್ಯ. ಚೌಕಳಿ ಕೋಟು, ಪಂಚೆ, ದುಂಡು ಕನ್ನಡಕ, ಬೋಳು ತಲೆಯ ಹಿಂದೆ ನಾಲ್ಕು ಕೂದಲು. ಅರಕಲಗೂಡಿನ ಸಂತೆಯಲ್ಲೋ ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲೋ ಕಾಣುವ ಅಜ್ಜನಂತೆಯೇ. ಹಾರಲ್ಲ, ಹೊಡೆಯಲ್ಲ, ಒಂದು ಮಾತೂ ಆಡಲ್ಲ. ಮಂತ್ರಿಗಳು ಮಾಡೋದನ್ನೆಲ್ಲ ಸುಮ್ಮನೆ ನಿಂತು ನೋಡ್ತಾನೆ, ಅಷ್ಟೇ. ಆದರೂ ದೊಡ್ಡವರಿಗೆ ಆ ನೋಟದ ಭಯ ಇತ್ತು. 1975ರಲ್ಲಿ ತುರ್ತುಪರಿಸ್ಥಿತಿ ಬಂದಾಗ ಪತ್ರಿಕೆಗಳಿಗೆ ಸೆನ್ಸಾರ್ ಹಾಕಿದರು, ನಗಿಸುವುದೂ ಕಷ್ಟವಾಯಿತು. ಇಂದಿರಾ ಗಾಂಧಿಯವರ ಮೂಗನ್ನು ಲಕ್ಷ್ಮಣ್ ಉದ್ದ ಮಾಡದೆ ಬಿಟ್ಟವರಲ್ಲ. ನಮ್ಮ ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡರು 1996ರಲ್ಲಿ ಪ್ರಧಾನಿಯಾದಾಗ ಅವರೂ ಈ ಕುಂಚಕ್ಕೆ ಸಿಕ್ಕರು. ನಮ್ಮ ಜಿಲ್ಲೆಯವರು ಅಂತ ವಿನಾಯಿತಿ ಏನೂ ಇರಲಿಲ್ಲ!

1984ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ, 2005ರಲ್ಲಿ ಪದ್ಮವಿಭೂಷಣ ಬಂದವು. 1986ರ ಮಾಲ್ಗುಡಿ ಡೇಸ್ ಧಾರಾವಾಹಿಯಲ್ಲಿ ಬರುವ ಚಿತ್ರಗಳೂ ಅವರವೇ. ನಮ್ಮ ಗೊರೂರಿನಲ್ಲಿ ಬೆಳೆದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಕಡಿಮೆ ದರದ ಏರ್ ಡೆಕ್ಕನ್ ವಿಮಾನ ಹಾರಿಸಿದರಲ್ಲ, ಅದರ ಗುರುತಿಗೆ ಆರಿಸಿದ್ದು ಇದೇ ಶ್ರೀಸಾಮಾನ್ಯನನ್ನು. ಐವತ್ತು ವರ್ಷ ನೆಲದ ಮೇಲೆ ನಿಂತವನು ಹಾಗೆ ಆಕಾಶ ಕಂಡ.

ಅದೇ 2003ರಲ್ಲಿ ಲಕ್ಷ್ಮಣ್ ಅವರಿಗೆ ಪಾರ್ಶ್ವವಾಯು ಹೊಡೆದು ಎಡಭಾಗ ಬಿದ್ದುಹೋಯಿತು. ಬರೆಯುವ ಬಲಗೈ ಉಳಿಯಿತು. 2015ರ ಜನವರಿ 26ರಂದು ಪುಣೆಯಲ್ಲಿ ತೀರಿಕೊಂಡರು.

ಅವರ ಚಿತ್ರ ಇರುವ ಹಳೇ ಪೇಪರು ಯಾರ ಮನೆ ಅಟ್ಟದಲ್ಲಾದರೂ ಇದ್ದರೆ ತನ್ನಿ. ಮುಂದಿನ ಸಂಚಿಕೆಯಲ್ಲಿ ಇಲ್ಲೇ ಅಂಟಿಸೋಣ.