ಮರೆಯಲಾರದ ಮನುಷ್ಯ

ಮರೆವು ಒಂದು ದೋಷವೆಂದೇ ನಾವೆಲ್ಲರೂ ಭಾವಿಸುತ್ತೇವೆ. ಒಮ್ಮೆ ಓದಿದ್ದು ಎಂದೆಂದಿಗೂ ಮಾಸದಂತಹ ನೆನಪು ತನಗಿದ್ದಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಎಂದು ಹಂಬಲಿಸದ ವಿದ್ಯಾರ್ಥಿಯೇ ಇಲ್ಲ. ಅಂತಹ ನೆನಪನ್ನು ನಿಜವಾಗಿಯೂ ಪಡೆದಿದ್ದ ವ್ಯಕ್ತಿಯೊಬ್ಬನು ಇಪ್ಪತ್ತನೆಯ ಶತಮಾನದಲ್ಲಿ ರಷ್ಯಾ ದೇಶದಲ್ಲಿ ಬಾಳಿದನು. ಆತನೇ ಸಾಲಮನ್ ಶೆರೆಶೆವ್‌ಸ್ಕಿ. ಆತನ ಬಾಳಿನ ಕಥೆ ಎಷ್ಟು ಅಚ್ಚರಿಯದೋ ಅಷ್ಟೇ ಮರುಕ ಹುಟ್ಟಿಸುವಂತಹುದು.

ಶೆರೆಶೆವ್‌ಸ್ಕಿ ಯಹೂದಿ ಮನೆತನದಲ್ಲಿ ಹುಟ್ಟಿದವನು. ಬಾಲ್ಯದಲ್ಲಿ ಸಂಗೀತವನ್ನು ಕಲಿತು ಪಿಟೀಲುವಾದಕನಾಗಬೇಕೆಂಬ ಆಸೆ ಆತನಿಗಿತ್ತು. ಆದರೆ ಕಿವಿಯ ಬೇನೆಯಿಂದಾಗಿ ಆ ಆಸೆ ಕೈಗೂಡಲಿಲ್ಲ. ಮುಂದೆ ಆತನು ವೃತ್ತಪತ್ರಿಕೆಯೊಂದರ ವರದಿಗಾರನಾದನು. ಆ ಪತ್ರಿಕೆಯ ಸಂಪಾದಕನು ಪ್ರತಿದಿನ ಬೆಳಿಗ್ಗೆ ವರದಿಗಾರರನ್ನು ಕರೆದು, ಯಾರು ಎಲ್ಲಿಗೆ ಹೋಗಬೇಕು, ಯಾರನ್ನು ಕಾಣಬೇಕು, ಏನನ್ನು ಕೇಳಬೇಕು ಎಂಬುದನ್ನು ವಿವರಿಸುತ್ತಿದ್ದನು. ಉಳಿದವರೆಲ್ಲರೂ ಬರೆದುಕೊಳ್ಳುತ್ತಿದ್ದರೆ ಶೆರೆಶೆವ್‌ಸ್ಕಿ ಮಾತ್ರ ಸುಮ್ಮನೆ ಕುಳಿತಿರುತ್ತಿದ್ದನು. ಇದನ್ನು ಅಲಕ್ಷ್ಯವೆಂದು ಬಗೆದ ಸಂಪಾದಕನು ಆತನನ್ನು ಆಕ್ಷೇಪಿಸಿದಾಗ, ಹೇಳಿದ ಮಾತುಗಳೆಲ್ಲವನ್ನೂ ಆತನು ಅಕ್ಷರಶಃ ಒಪ್ಪಿಸಿಬಿಟ್ಟನು. ಇದರಲ್ಲಿ ವಿಶೇಷವೇನಿದೆ ಎಂಬುದೇ ಆತನಿಗೆ ತಿಳಿಯಲಿಲ್ಲ. ಎಲ್ಲರ ನೆನಪೂ ತನ್ನದರಂತೆಯೇ ಇರುವುದೆಂದು ಆತನು ಅಲ್ಲಿಯವರೆಗೆ ನಂಬಿದ್ದನು. ಬೆರಗಾದ ಸಂಪಾದಕನು ಆತನನ್ನು ಮನೋವಿಜ್ಞಾನದ ಪ್ರಯೋಗಾಲಯಕ್ಕೆ ಕಳುಹಿಸಿದನು.

ಅಲ್ಲಿ ಆತನನ್ನು ಎದುರುಗೊಂಡವನು 1902ರಲ್ಲಿ ಜನಿಸಿದ ತರುಣ ವಿಜ್ಞಾನಿ ಅಲೆಕ್ಸಾಂಡರ್ ಲೂರಿಯಾ. 1920ರ ದಶಕದಲ್ಲಿ ಆರಂಭವಾದ ಅವರ ಪರಿಚಯವು ಸುಮಾರು ಮೂವತ್ತು ವರ್ಷಗಳ ಕಾಲ ಮುಂದುವರಿಯಿತು. ಲೂರಿಯಾ ಮೊದಲು 30 ಪದಗಳನ್ನು, ಬಳಿಕ 50, 70 ಪದಗಳನ್ನು ಹೇಳಿದನು. ಶೆರೆಶೆವ್‌ಸ್ಕಿ ಅವುಗಳನ್ನು ಮೊದಲಿನಿಂದ ಕೊನೆಗೂ, ಕೊನೆಯಿಂದ ಮೊದಲಿಗೂ ತಪ್ಪಿಲ್ಲದೆ ಒಪ್ಪಿಸಿದನು. ಪದಗಳಿರಲಿ, ಅಂಕಿಗಳಿರಲಿ, ಅರ್ಥವಿಲ್ಲದ ಅಕ್ಷರಗಳಿರಲಿ, ಆತನಿಗೆ ಎಲ್ಲವೂ ಒಂದೇ. ತನಗೆ ತಿಳಿಯದ ಇಟಲಿಯ ಭಾಷೆಯಲ್ಲಿ ಕೇಳಿದ ಡಾಂಟೆ ಮಹಾಕವಿಯ ಪದ್ಯಗಳನ್ನು ಹದಿನೈದು ವರ್ಷಗಳ ಅನಂತರವೂ ಆತನು ನಿರರ್ಗಳವಾಗಿ ಹೇಳಬಲ್ಲವನಾಗಿದ್ದನು. ಆತನ ನೆನಪಿಗೆ ಎಲ್ಲೆಯೇ ಇಲ್ಲವೆಂದರಿತ ಲೂರಿಯಾ, ಅದನ್ನು ಅಳೆಯುವ ಯತ್ನವನ್ನು ಬಿಟ್ಟು ಅದರ ಬಗೆಯನ್ನು ಅರಿಯಲು ತೊಡಗಿದನು.

ಈ ನೆನಪಿನ ಗುಟ್ಟು ಆತನ ಇಂದ್ರಿಯಗಳಲ್ಲಿ ಅಡಗಿದ್ದಿತು. ಸಾಮಾನ್ಯರಲ್ಲಿ ಕಣ್ಣು ನೋಡುತ್ತದೆ, ಕಿವಿ ಕೇಳುತ್ತದೆ, ನಾಲಗೆ ರುಚಿಯನ್ನು ಅರಿಯುತ್ತದೆ. ಶೆರೆಶೆವ್‌ಸ್ಕಿಯಲ್ಲಿ ಇವುಗಳ ನಡುವಣ ಗೋಡೆಗಳೇ ಇರಲಿಲ್ಲ. ಒಂದು ಧ್ವನಿಯನ್ನು ಕೇಳಿದೊಡನೆ ಆತನಿಗೆ ಬಣ್ಣವೊಂದು ಕಾಣಿಸುತ್ತಿತ್ತು. ಜೊತೆಗೆ ರುಚಿಯೂ ಸ್ಪರ್ಶವೂ ಅನುಭವಕ್ಕೆ ಬರುತ್ತಿದ್ದವು. ಅಂಕಿಗಳಿಗೂ ಆತನ ಮನಸ್ಸಿನಲ್ಲಿ ವ್ಯಕ್ತಿತ್ವವಿದ್ದಿತು: ಒಂದು ಎಂಬುದು ಗರ್ವದಿಂದ ನಿಂತ ದೃಢಕಾಯನಾದ ಗಂಡಸು, ಏಳು ಎಂಬುದು ಮೀಸೆ ಹೊತ್ತವನು, ಎಂಟು ಎಂಬುದು ಸ್ಥೂಲಕಾಯದ ಹೆಂಗಸು. ಒಂದು ಇಂದ್ರಿಯದ ಪ್ರಚೋದನೆಯಿಂದ ಮತ್ತೊಂದು ಇಂದ್ರಿಯದ ಅನುಭವವೂ ಮೂಡುವ ಈ ಸ್ಥಿತಿಯನ್ನು ವಿಜ್ಞಾನಿಗಳು ಸಿನೆಸ್ತೀಸಿಯಾ ಎಂದು ಕರೆಯುತ್ತಾರೆ. ನಾವು ಒಂದು ಪದವನ್ನು ಒಂದೇ ಎಳೆಯಿಂದ ಹಿಡಿದಿಟ್ಟರೆ, ಆತನು ಅದನ್ನು ಬಣ್ಣ, ರುಚಿ, ಆಕಾರಗಳೆಂಬ ಹಲವು ಎಳೆಗಳಿಂದ ಬಿಗಿದಿಡುತ್ತಿದ್ದನು. ಒಂದು ಎಳೆ ಜಾರಿದರೂ ಉಳಿದವು ಆ ಪದವನ್ನು ಮರಳಿ ತರುತ್ತಿದ್ದವು.

ತನ್ನ ಶಕ್ತಿಯ ಅರಿವಾದ ಮೇಲೆ ಶೆರೆಶೆವ್‌ಸ್ಕಿ ಪತ್ರಿಕೆಯ ಕೆಲಸವನ್ನು ಬಿಟ್ಟು, ಸಭೆಗಳಲ್ಲಿ ನೆನಪಿನ ಪ್ರದರ್ಶನಗಳನ್ನು ನೀಡತೊಡಗಿದನು. ಪದಗಳ ದೀರ್ಘವಾದ ಪಟ್ಟಿಯನ್ನು ನೆನಪಿಡಲು ಆತನು ಮಾಸ್ಕೋ ನಗರದ ಗೋರ್ಕಿ ಬೀದಿಯಲ್ಲಿ ಮನಸ್ಸಿನಲ್ಲಿಯೇ ನಡೆದುಹೋಗುತ್ತಾ, ಒಂದೊಂದು ಪದದ ಚಿತ್ರವನ್ನು ಒಂದೊಂದು ಮನೆಯ ಬಾಗಿಲಲ್ಲಿಯೋ ಕಿಟಕಿಯಲ್ಲಿಯೋ ಇರಿಸುತ್ತಿದ್ದನು. ಮತ್ತೆ ಅದೇ ದಾರಿಯಲ್ಲಿ ನಡೆದರೆ ಎಲ್ಲವೂ ಇಟ್ಟಲ್ಲಿಯೇ ಇರುತ್ತಿದ್ದವು. ಎಂದಾದರೊಮ್ಮೆ ಒಂದು ಪದ ತಪ್ಪಿಹೋದರೆ ಅದಕ್ಕೆ ಮರೆವು ಕಾರಣವಾಗಿರುತ್ತಿರಲಿಲ್ಲ. ಬಿಳಿಯ ಗೋಡೆಯ ಮುಂದೆ ಇಟ್ಟ ಮೊಟ್ಟೆಯು ಆ ಬಿಳುಪಿನಲ್ಲಿ ಬೆರೆತು ಕಾಣದೆ ಹೋಗಿರುತ್ತಿತ್ತು, ಅಷ್ಟೇ!

ಆದರೆ ಈ ವರವೇ ಆತನಿಗೆ ಹೊರೆಯೂ ಆಯಿತು. ಪುಸ್ತಕವನ್ನು ಓದುವಾಗ ಒಂದೊಂದು ಪದವೂ ಒಂದೊಂದು ಚಿತ್ರವನ್ನು ಎಬ್ಬಿಸುತ್ತಿತ್ತು. ಚಿತ್ರಗಳು ಒಂದರ ಮೇಲೊಂದು ನುಗ್ಗಿ ವಾಕ್ಯದ ಅರ್ಥವನ್ನೇ ಮುಚ್ಚಿಬಿಡುತ್ತಿದ್ದವು. ಕಾವ್ಯದ ರೂಪಕಗಳು ಆತನಿಗೆ ಒಲಿಯಲಿಲ್ಲ. ಶೂನ್ಯ, ಅನಂತ ಮುಂತಾದ ಕಣ್ಣಿಗೆ ಕಾಣದ ಭಾವನೆಗಳು ಆತನನ್ನು ಕಂಗೆಡಿಸುತ್ತಿದ್ದವು. ಮನುಷ್ಯರ ಮುಖಗಳು ಕ್ಷಣಕ್ಷಣಕ್ಕೂ ಬದಲಾಗುವುದರಿಂದ ಪರಿಚಿತರನ್ನು ಗುರುತಿಸುವುದೂ ಕಷ್ಟವಾಗುತ್ತಿತ್ತು. ಒಮ್ಮೆ ಐಸ್‌ಕ್ರೀಮ್ ಮಾರುವವಳ ಧ್ವನಿಯನ್ನು ಕೇಳಿದಾಗ ಅವಳ ಬಾಯಿಂದ ಕಪ್ಪು ಕೆಂಡಗಳು ಸುರಿದಂತಾಗಿ, ಅದನ್ನು ಕೊಳ್ಳಲು ಆತನಿಗೆ ಮನಸ್ಸೇ ಬರಲಿಲ್ಲ. 1234, 2345, 3456, 4567 ಎಂಬ ಸಾಲುಗಳನ್ನು ಕೊಟ್ಟಾಗ ಪ್ರತಿಯೊಂದು ಅಂಕಿಯನ್ನೂ ಆತನು ಶ್ರಮಪಟ್ಟು ನೆನಪಿಟ್ಟನು. ಅವುಗಳಲ್ಲಿರುವ ಸರಳವಾದ ಕ್ರಮ ಮಾತ್ರ ಆತನ ಗಮನಕ್ಕೆ ಬರಲಿಲ್ಲ. ಎಳೆಯ ಮಗುವಿಗೂ ತಿಳಿಯುವಂತಹುದು ಅಂತಹ ನೆನಪಿನ ಒಡೆಯನಿಗೆ ಕಾಣದೆ ಹೋಯಿತು.

ಎಲ್ಲಕ್ಕಿಂತ ದೊಡ್ಡ ಸಂಕಟವೆಂದರೆ ಮರೆಯಲಾಗದಿರುವುದು. ಒಂದೇ ಸಂಜೆ ಹಲವು ಪ್ರದರ್ಶನಗಳಿದ್ದಾಗ ಹಿಂದಿನ ಪ್ರದರ್ಶನದ ಅಂಕಿಗಳು ಮುಂದಿನದರಲ್ಲಿ ಬೆರೆಯುವುವೆಂಬ ಭಯ ಆತನನ್ನು ಕಾಡಿತು. ನಾವು ನೆನಪಿಡಲೆಂದು ಬರೆದುಕೊಂಡರೆ, ಆತನು ಮರೆಯಲೆಂದು ಬರೆದನು. ಬರೆದ ಕಾಗದವನ್ನು ಸುಟ್ಟೂ ನೋಡಿದನು. ಕರಿದಾದ ಕಾಗದದ ಮೇಲೂ ಆ ಅಂಕಿಗಳೇ ಆತನಿಗೆ ಕಾಣಿಸಿದವು! ಕೊನೆಗೊಂದು ಸಂಜೆ, ತಾನು ಬೇಡವೆಂದು ದೃಢವಾಗಿ ಬಯಸಿದರೆ ಅವು ಮೂಡುವುದಿಲ್ಲವೆಂಬುದನ್ನು ಆತನು ಕಂಡುಕೊಂಡನು. ಆಗ ಆತನಿಗಾದ ಬಿಡುಗಡೆಯ ಭಾವ ಅಷ್ಟಿಷ್ಟಲ್ಲ.

ಶೆರೆಶೆವ್‌ಸ್ಕಿ ಅನೇಕ ಉದ್ಯೋಗಗಳನ್ನು ಹಿಡಿದು ಬಿಟ್ಟನು. ಮಹತ್ತಾದುದೇನೋ ತನಗಾಗಿ ಕಾದಿದೆಯೆಂದು ನಿರೀಕ್ಷಿಸುತ್ತಲೇ ಬಾಳಿದನು. ಮಾಸ್ಕೋದಲ್ಲಿ ಟ್ಯಾಕ್ಸಿಯನ್ನೂ ನಡೆಸಿದನು. 1958ರಲ್ಲಿ ಆತನು ತೀರಿಕೊಂಡನು. ಹತ್ತು ವರ್ಷಗಳ ಬಳಿಕ, 1968ರಲ್ಲಿ, ಲೂರಿಯಾ ಬರೆದ ಪುಟ್ಟ ಪುಸ್ತಕವೊಂದು ಆತನನ್ನು ಹೆಸರಿನ ಮೊದಲಕ್ಷರದಿಂದಷ್ಟೇ ಲೋಕಕ್ಕೆ ಪರಿಚಯಿಸಿತು. ಸಿನೆಸ್ತೀಸಿಯಾ ಉಳ್ಳವರೆಲ್ಲರೂ ಇಂತಹ ನೆನಪುಳ್ಳವರಲ್ಲ. ಆದರೆ ಈ ಎರಡರ ನಡುವಣ ನಂಟನ್ನು ಇಂದಿಗೂ ಅರಸುತ್ತಿರುವ ವಿಜ್ಞಾನಿಗಳು ಆ ಪುಸ್ತಕವನ್ನು ಮತ್ತೆ ಮತ್ತೆ ತೆರೆಯುತ್ತಾರೆ.

ಕಾಳಿನೊಡನೆ ಹೊಟ್ಟನ್ನೂ ಕಣಜಕ್ಕೆ ತುಂಬಿದ ರೈತನಿಗೆ ಕಾಳನ್ನು ಆರಿಸುವುದೇ ಕಷ್ಟವಾಗುತ್ತದೆ. ಶೆರೆಶೆವ್‌ಸ್ಕಿಯ ಮನಸ್ಸು ಅಂತಹ ಕಣಜವಾಗಿತ್ತು. ನಮ್ಮ ಮನಸ್ಸಾದರೋ ಸದ್ದಿಲ್ಲದೆ ತೂರುತ್ತಿರುತ್ತದೆ. ಬೇಡದ ವಿವರಗಳನ್ನು ಗಾಳಿಗೆ ಬಿಟ್ಟು ಸಾರವನ್ನು ಉಳಿಸಿಕೊಳ್ಳುತ್ತದೆ. ನೆನಪು ಮನುಷ್ಯನಿಗೆ ದೊರೆತ ದೊಡ್ಡ ಸಂಪತ್ತು. ಆ ಸಂಪತ್ತನ್ನು ಬಳಸಲು ಬರುವಂತೆ ಮಾಡುವ ಮರೆವೂ ಅದಕ್ಕಿಂತ ಕಡಿಮೆಯ ಸಂಪತ್ತಲ್ಲ.