ಹೆಸರಿಲ್ಲದೆ ಅಚ್ಚಾದ ಕಡಲ ವಾದ

ಸಮುದ್ರ ಕಾನೂನಿನ ವಿದ್ವತ್ ಪತ್ರಿಕೆಗೆ ಲೇಖನ ಕಳುಹಿಸುವ ಇಂದಿನ ಸಂಶೋಧಕನಿಗೆ ಸಾಮಾನ್ಯವಾಗಿ ಎರಡು ಕಟ್ಟಳೆಗಳು ಎದುರಾಗುತ್ತವೆ. ಪರಿಶೀಲಕರ ಕೈಸೇರುವ ಪ್ರತಿಯಲ್ಲಿ ಲೇಖಕನ ಹೆಸರು ಇರಕೂಡದು. ಸಂಶೋಧನೆಗೆ ಹಣ ಕೊಟ್ಟವರು ಯಾರೆಂಬುದನ್ನು ಮುಚ್ಚಿಡಕೂಡದು. ಈ ಶಾಸ್ತ್ರದ ಬುನಾದಿ ಎನಿಸಿದ ಕೃತಿ 1609ರಲ್ಲಿ ಹಾಲೆಂಡಿನಲ್ಲಿ ಹೊರಬಂದಾಗ ಮೊದಲ ಕಟ್ಟಳೆ ತಾನಾಗಿಯೇ ಪಾಲನೆಯಾಗಿತ್ತು. ಎರಡನೆಯದು ಮಾತ್ರ 250 ವರ್ಷಗಳಿಗೂ ಹೆಚ್ಚು ಕಾಲ ಬಾಕಿ ಉಳಿಯಿತು. ಆ ಕೃತಿಯ ಹೆಸರು 'ಮಾರೆ ಲಿಬೆರುಮ್', ಅಂದರೆ ಮುಕ್ತ ಸಾಗರ. ಕರ್ತೃ ಹ್ಯೂಗೊ ಗ್ರೋಷಿಯಸ್.

1583ರ ಏಪ್ರಿಲ್ 10ರಂದು ಡೆಲ್ಫ್ಟ್ ನಗರದಲ್ಲಿ ಜನಿಸಿದ ಗ್ರೋಷಿಯಸ್ ಬಾಲಪ್ರತಿಭೆ. 11ನೇ ವಯಸ್ಸಿಗೆ ಲೈಡನ್ ವಿಶ್ವವಿದ್ಯಾಲಯದ ಮೆಟ್ಟಿಲೇರಿದ. 1598ರಲ್ಲಿ ಮುತ್ಸದ್ಧಿ ಓಲ್ಡನ್‌ಬಾರ್ನೆವೆಲ್ಟ್ ಅವರ ನಿಯೋಗದೊಂದಿಗೆ ಫ್ರಾನ್ಸ್‌ಗೆ ತೆರಳಿ, ಓರ್ಲಿಯನ್ಸ್‌ನಲ್ಲಿ ಕಾನೂನು ಡಾಕ್ಟರೇಟ್ ಗಳಿಸಿ ಮರಳಿದ. ಮರುವರ್ಷವೇ ಹೇಗ್‌ನಲ್ಲಿ ವಕೀಲಿ ವೃತ್ತಿ ಆರಂಭಿಸಿದ.

ಒಂದು ಹಡಗಿನ ಮೊಕದ್ದಮೆ

1603ರ ಫೆಬ್ರುವರಿ 25ರಂದು ಸಿಂಗಪುರದ ಬಳಿ ಡಚ್ ನೌಕಾಪತಿ ಹೀಮ್ಸ್‌ಕರ್ಕ್, 'ಸಾಂತಾ ಕತರೀನಾ' ಎಂಬ ಪೋರ್ಚುಗೀಸ್ ಹಡಗನ್ನು ಸೆರೆಹಿಡಿದ. ಅದರಲ್ಲಿದ್ದ ಚೀನಾದ ರೇಷ್ಮೆ, ಪಿಂಗಾಣಿ ಮೊದಲಾದ ಸರಕು ಆಮ್‌ಸ್ಟರ್‌ಡ್ಯಾಂ ಹರಾಜಿನಲ್ಲಿ 30 ಲಕ್ಷ ಗಿಲ್ಡರ್‌ಗೂ ಹೆಚ್ಚು ಬೆಲೆ ತಂದಿತು. ಇದು ಧರ್ಮಸಮ್ಮತ ಗಳಿಕೆಯೋ, ಕಡಲ್ಗಳ್ಳತನವೋ ಎಂಬ ಜಿಜ್ಞಾಸೆ ಎದ್ದಿತು. ಡಚ್ ಈಸ್ಟ್ ಇಂಡಿಯಾ ಕಂಪನಿಯ ಪಾಲುದಾರರಲ್ಲೇ ಕೆಲವರ ಮನಸ್ಸು ಆ ಲಾಭವನ್ನು ಒಪ್ಪಲಿಲ್ಲ. ಸಮರ್ಥನೆ ಬರೆದುಕೊಡುವ ಹೊಣೆಯನ್ನು ಕಂಪನಿ ಇಪ್ಪತ್ತೊಂದರ ಹರೆಯದ ಗ್ರೋಷಿಯಸ್‌ಗೆ ವಹಿಸಿತು. ಆತ ಬರೆದದ್ದು ಒಂದು ಬೃಹತ್ ಗ್ರಂಥವಾಯಿತು. ಅದು ಅಚ್ಚಾಗದೆ ಉಳಿಯಿತು.

ಸ್ಪೇನ್ ಜೊತೆಗಿನ ಕದನವಿರಾಮದ ಮಾತುಕತೆಯಲ್ಲಿ ಪೂರ್ವದೇಶಗಳ ವ್ಯಾಪಾರವನ್ನು ಡಚ್ಚರು ಬಿಟ್ಟುಕೊಡಬೇಕೆಂಬ ಒತ್ತಡ ಬಂದಾಗ ಕಂಪನಿಗೆ ಆ ಹಸ್ತಪ್ರತಿ ನೆನಪಾಯಿತು. ಅದರ 12ನೇ ಅಧ್ಯಾಯವನ್ನಷ್ಟೇ ತಿದ್ದಿ, 1609ರಲ್ಲಿ ಲೈಡನ್‌ನ ಎಲ್ಸೆವಿಯರ್ ಮುದ್ರಣಾಲಯ ಪುಸ್ತಿಕೆಯಾಗಿ ಪ್ರಕಟಿಸಿತು. ಲೇಖಕನ ಹೆಸರಿರಲಿಲ್ಲ, ಕಂಪನಿಯ ಪ್ರಸ್ತಾಪವೂ ಇರಲಿಲ್ಲ. ಇಂದು ಸಾವಿರಾರು ವಿದ್ವತ್ ಪತ್ರಿಕೆಗಳನ್ನು ಹೊರತರುವ ಎಲ್ಸೆವಿಯರ್ ಸಂಸ್ಥೆ 1880ರಲ್ಲಿ ಎರವಲು ಪಡೆದದ್ದು ಇದೇ ಮನೆತನದ ಹೆಸರನ್ನು.

ಗಾಳಿಯಂತೆ ಸಾಗರವೂ ಯಾರೊಬ್ಬರ ವಶಕ್ಕೆ ಸಿಲುಕುವಂಥದ್ದಲ್ಲ ಎಂಬುದು ವಾದದ ತಿರುಳು. ಪೋಪ್ ಅವರ ದಾನಶಾಸನ ಪೂರ್ವದೇಶದವರನ್ನು ಬಂಧಿಸದು. ಜಾವಾ, ಸಿಂಹಳ, ಮೊಲುಕ್ಕಾಗಳಿಗೆ ತಮ್ಮದೇ ದೊರೆಗಳು, ಕಾಯಿದೆಗಳು ಇರುವುದರಿಂದ ಪೋರ್ಚುಗೀಸರು ಅವುಗಳ ಒಡೆಯರಲ್ಲ ಎಂದು ಗ್ರೋಷಿಯಸ್ ಪ್ರತಿಪಾದಿಸಿದ. ಆ ಒಡೆತನದ ಬಿಸಿ ನಮ್ಮ ಕರಾವಳಿಗೂ ತಟ್ಟಿತ್ತು. 'ಕಾರ್ತಾಸ್' ಎಂಬ ರಹದಾರಿ ಇಲ್ಲದೆ ಹೊರಟ ಹಡಗುಗಳನ್ನು ಪೋರ್ಚುಗೀಸರು ಹಿಡಿಯುತ್ತಿದ್ದರು. ಮಂಗಳೂರು, ಬಸರೂರು, ಹೊನ್ನಾವರಗಳಲ್ಲಿ ಅವರ ಕೋಟೆಗಳು ಎದ್ದಿದ್ದವು.

ತನ್ನ ವಾದವೇ ತನಗೆ ಎದುರಾಳಿ

ವಿದ್ವತ್ ಪತ್ರಿಕೆಗಳಿಲ್ಲದ ಆ ಕಾಲದಲ್ಲಿ ಪರಿಶೀಲನೆ ಬಂದದ್ದು ಎದುರಾಳಿಗಳ ಪುಸ್ತಕಗಳ ರೂಪದಲ್ಲಿ. 1613ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ವೆಲ್‌ವುಡ್, 1625ರಲ್ಲಿ ಪೋರ್ಚುಗಲ್‌ನ ಫ್ರೇಟಾಸ್, 1635ರಲ್ಲಿ ಇಂಗ್ಲೆಂಡಿನ ಜಾನ್ ಸೆಲ್ಡನ್ ಖಂಡನೆ ಪ್ರಕಟಿಸಿದರು. ವೆಲ್‌ವುಡ್‌ಗೆ ಗ್ರೋಷಿಯಸ್ ಉತ್ತರ ಬರೆದನಾದರೂ ಅದನ್ನು ಅಚ್ಚಿಗೆ ಕೊಡಲಿಲ್ಲ.

ಕಠಿಣ ಪರೀಕ್ಷೆ ಎದುರಾದದ್ದು 1613ರಲ್ಲಿ ಲಂಡನ್ನಿನಲ್ಲಿ. ಸಾಂಬಾರ ದ್ವೀಪಗಳಲ್ಲಿ ತಮಗೂ ವ್ಯಾಪಾರದ ಹಕ್ಕಿದೆ ಎಂದು ಇಂಗ್ಲಿಷರು 'ಮಾರೆ ಲಿಬೆರುಮ್' ವಾದವನ್ನೇ ಮುಂದಿಟ್ಟರು. ಡಚ್ ನಿಯೋಗದಲ್ಲಿ ಕುಳಿತಿದ್ದ ಗ್ರೋಷಿಯಸ್, ಸ್ಥಳೀಯ ದೊರೆಗಳೊಂದಿಗೆ ಮಾಡಿಕೊಂಡ ಒಪ್ಪಂದಗಳ ಬಲದಿಂದ ಆ ವ್ಯಾಪಾರ ಡಚ್ಚರಿಗಷ್ಟೇ ಸಲ್ಲಬೇಕೆಂದು ವಾದಿಸಬೇಕಾಯಿತು. ಅಂಥ ಏಕಸ್ವಾಮ್ಯಕ್ಕಾಗಿಯೇ ಕಂಪನಿ 1621ರಲ್ಲಿ ಬಾಂದಾ ದ್ವೀಪಗಳನ್ನು ಗೆದ್ದಾಗ ಅಲ್ಲಿನ ಮೂಲನಿವಾಸಿಗಳಲ್ಲಿ ಬಹುಪಾಲು ಜನ ನಿರ್ನಾಮವಾದರು.

ಆ ಹೊತ್ತಿಗೆ ಗ್ರೋಷಿಯಸ್ ಬದುಕೂ ತಲೆಕೆಳಗಾಗಿತ್ತು. ಧಾರ್ಮಿಕ, ರಾಜಕೀಯ ಕಲಹದಲ್ಲಿ ಓಲ್ಡನ್‌ಬಾರ್ನೆವೆಲ್ಟ್ ಪಕ್ಷ ವಹಿಸಿದ್ದ ಆತನನ್ನು 1618ರಲ್ಲಿ ಬಂಧಿಸಲಾಯಿತು. ಮರುವರ್ಷ ಓಲ್ಡನ್‌ಬಾರ್ನೆವೆಲ್ಟ್ ಅವರ ಶಿರಚ್ಛೇದನವಾಯಿತು. ಗ್ರೋಷಿಯಸ್‌ಗೆ ಜೀವಾವಧಿ ಸೆರೆವಾಸ ಪ್ರಾಪ್ತವಾಯಿತು. ಲೂವೆಸ್ಟೈನ್ ಕೋಟೆಗೆ ಓದಲು ಪುಸ್ತಕಗಳು ಪೆಟ್ಟಿಗೆಯಲ್ಲಿ ಬಂದು ಹೋಗುತ್ತಿದ್ದವು. ಕಾವಲುಗಾರರು ತಪಾಸಣೆ ಸಡಿಲಿಸಿದ್ದನ್ನು ಗಮನಿಸಿದ ಪತ್ನಿ ಮರಿಯಾ, 1621ರ ಮಾರ್ಚ್ 22ರಂದು ಪತಿಯನ್ನೇ ಆ ಪೆಟ್ಟಿಗೆಯಲ್ಲಿ ಮಲಗಿಸಿ ಹೊರಗೆ ಸಾಗಿಸಿದಳು. ಮನೆಗೆಲಸದ ಎಲ್ಸ್ಯೆ ಪೆಟ್ಟಿಗೆಯ ಜೊತೆಗಿದ್ದಳು. ಗಾರೆ ಕೆಲಸದವನ ವೇಷದಲ್ಲಿ ಗ್ರೋಷಿಯಸ್ ಆಂಟ್‌ವರ್ಪ್ ಸೇರಿ, ಅಲ್ಲಿಂದ ಪ್ಯಾರಿಸ್ ತಲುಪಿದ.

1625ರಲ್ಲಿ ಪ್ಯಾರಿಸ್‌ನಲ್ಲಿ ಪ್ರಕಟವಾದ ಯುದ್ಧ ಮತ್ತು ಶಾಂತಿಯ ಕಾನೂನು ಕುರಿತ ಮಹಾಗ್ರಂಥ ಆತನಿಗೆ ಶಾಶ್ವತ ಕೀರ್ತಿ ತಂದಿತು. ಈ ಬಾರಿ ಹೆಸರು ಮುಚ್ಚಿಡಲಿಲ್ಲ. ತೀರದಿಂದ ನಿಯಂತ್ರಿಸಬಹುದಾದಷ್ಟು ಕಡಲಿನ ಮೇಲೆ ರಾಜ್ಯಕ್ಕೆ ಅಧಿಕಾರವಿರಬಹುದು ಎಂಬುದನ್ನೂ ಅದರಲ್ಲಿ ಒಪ್ಪಿಕೊಂಡ. ಮುಂದೆ ಸ್ವೀಡನ್ನಿನ ರಾಯಭಾರಿಯಾಗಿ ಪ್ಯಾರಿಸ್‌ನಲ್ಲೇ ದಶಕ ಕಾಲ ಸೇವೆ ಸಲ್ಲಿಸಿದ. 1645ರಲ್ಲಿ ಸ್ವೀಡನ್ನಿನಿಂದ ಹೊರಟ ಹಡಗು ಬಾಲ್ಟಿಕ್ ಸಮುದ್ರದಲ್ಲಿ ಬಿರುಗಾಳಿಗೆ ಸಿಲುಕಿತು. ದಡ ಸೇರಿದರೂ ಬಳಲಿದ ದೇಹ ಚೇತರಿಸಿಕೊಳ್ಳಲಿಲ್ಲ. ಆಗಸ್ಟ್ 28ರಂದು ರಾಸ್ಟಾಕ್ ನಗರದಲ್ಲಿ ಆತ ಕೊನೆಯುಸಿರೆಳೆದ.

ಬಾಕಿ ತೀರಿದ ಬಗೆ

1864ರಲ್ಲಿ ವಂಶಸ್ಥರ ಬಳಿಯಿದ್ದ ಕಾಗದಪತ್ರಗಳು ಹೇಗ್‌ನಲ್ಲಿ ಹರಾಜಿಗೆ ಬಂದವು. ಲೈಡನ್ ವಿಶ್ವವಿದ್ಯಾಲಯ ಕೊಂಡ ಆ ಕಟ್ಟಿನಲ್ಲಿ ಮೂಲ ಹಸ್ತಪ್ರತಿ ಸಿಕ್ಕಿತು. 1868ರಲ್ಲಿ ಅದು ಅಚ್ಚಾದ ಬಳಿಕ, ಲೋಕ ತತ್ವಶಾಸ್ತ್ರವೆಂದು ಓದಿಕೊಂಡು ಬಂದಿದ್ದ 'ಮಾರೆ ಲಿಬೆರುಮ್' ಒಂದು ಮೊಕದ್ದಮೆಯ ವಕಾಲತ್ತಿನ ಭಾಗವೆಂಬುದು ಸ್ಪಷ್ಟವಾಯಿತು.

ಹಾಗೆಂದು ವಾದ ಬಿದ್ದುಹೋಗಲಿಲ್ಲ. 1982ರ ವಿಶ್ವಸಂಸ್ಥೆಯ ಸಮುದ್ರ ಕಾನೂನು ಒಡಂಬಡಿಕೆ ತೀರದ ರಾಷ್ಟ್ರಗಳಿಗೆ 12 ನಾಟಿಕಲ್ ಮೈಲಿಯವರೆಗೆ ಸಾರ್ವಭೌಮತ್ವವನ್ನು, 200 ಮೈಲಿಯವರೆಗೆ ಆರ್ಥಿಕ ಹಕ್ಕನ್ನು ನೀಡಿದರೂ ಅದರಾಚೆಯ ಕಡಲನ್ನು ಎಲ್ಲರಿಗೂ ಮುಕ್ತವಾಗಿಯೇ ಉಳಿಸಿದೆ. ವಾದ ಯಾರ ಹಣದಿಂದ ಹುಟ್ಟಿತೆಂಬುದು ಅದನ್ನು ಸುಳ್ಳಾಗಿಸಲಿಲ್ಲ. ಆದರೆ ಆ ಸಂಗತಿ ಗೊತ್ತಿದ್ದರೆ, ವಾದದ ಹಿಂದೆಯೇ ಹಡಗೇರಿ ಬಂದವರನ್ನು ಬೇರೆಯೇ ಕಣ್ಣಿನಿಂದ ನೋಡಬಹುದಿತ್ತು.