ಕುರ್ಟ್ ಟ್ಯಾಂಕ್: ವಿಮಾನ ಕಟ್ಟಿದರು, ಇಂಜಿನ್ ದೊರೆಯಲಿಲ್ಲ

ಶೈಕ್ಷಣಿಕ ಪ್ರವಾಸಕ್ಕೆ ಬೆಂಗಳೂರಿನ ವಿಶ್ವೇಶ್ವರಯ್ಯ ವಸ್ತು ಸಂಗ್ರಹಾಲಯಕ್ಕೆ ಹೋದವರು ಅದರ ಆವರಣದಲ್ಲಿರುವ ಚೂಪು ಮೂಗಿನ ಯುದ್ಧವಿಮಾನವನ್ನು ನೋಡಿರಬಹುದು. ಅದು ಎಚ್.ಎಫ್.-24 'ಮಾರುತ್', ಭಾರತದಲ್ಲೇ ರೂಪುಗೊಂಡು ತಯಾರಾದ ಮೊದಲ ಜೆಟ್ ಯುದ್ಧವಿಮಾನ. ಅದರ ವಿನ್ಯಾಸಕಾರರು ಜರ್ಮನಿಯ ಕುರ್ಟ್ ಟ್ಯಾಂಕ್. ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ಅವರು ತಮ್ಮ ಆತ್ಮಕಥೆಯಲ್ಲಿ ಮದರಾಸಿನ ವಿದ್ಯಾರ್ಥಿ ದಿನಗಳನ್ನು ನೆನೆಯುವಾಗ ಇವರ ಹೆಸರನ್ನೂ ಸ್ಮರಿಸಿದ್ದಾರೆ.

ಟ್ಯಾಂಕ್ ಅವರು 1898ರ ಫೆಬ್ರವರಿ 24ರಂದು ಬ್ರೋಂಬರ್ಗ್‌ನಲ್ಲಿ ಜನಿಸಿದರು. ಆ ಊರು ಈಗ ಪೋಲೆಂಡಿನಲ್ಲಿದೆ. ಮೊದಲ ಮಹಾಯುದ್ಧದಲ್ಲಿ ಅಶ್ವದಳದಲ್ಲಿ ಸೇವೆ ಸಲ್ಲಿಸಿ, ಬಳಿಕ ಬರ್ಲಿನ್‌ನಲ್ಲಿ ತಾಂತ್ರಿಕ ಶಿಕ್ಷಣ ಪಡೆದರು. 1931ರಲ್ಲಿ ಫೋಕೆ-ವುಲ್ಫ್ ಕಂಪನಿಯನ್ನು ಸೇರಿದರು. ತಾವು ರೂಪಿಸಿದ ವಿಮಾನಗಳನ್ನು ತಾವೇ ಹಾರಿಸಿ ಪರೀಕ್ಷಿಸುವುದು ಅವರ ರೂಢಿಯಾಗಿತ್ತು.

1939ರಲ್ಲಿ ಮೊದಲ ಬಾರಿ ಹಾರಿದ ಅವರ ಎಫ್‌ಡಬ್ಲ್ಯೂ-190 ವಿಮಾನಕ್ಕೆ ಅವರು ಗಾಳಿಯಿಂದ ತಂಪಾಗುವ ದುಂಡು ಇಂಜಿನ್ ಆರಿಸಿದರು. ಆಗ ಯುರೋಪಿನ ಹೆಚ್ಚಿನ ಹೊಸ ಯುದ್ಧವಿಮಾನಗಳಲ್ಲಿ ದ್ರವದಿಂದ ತಂಪಾಗುವ ಇಂಜಿನ್‌ಗಳಿದ್ದವು. ಮೊದಲ ಇಂಜಿನ್ ವಿಪರೀತ ಕಾಯಿತು. ಅವರು ಧೃತಿಗೆಡದೆ ಬಿಎಂಡಬ್ಲ್ಯೂ 801 ಎಂಬ ಬೇರೆ ಇಂಜಿನ್ ಅಳವಡಿಸಿದರು. ಆ ಮಾದರಿಯ 20,000ಕ್ಕೂ ಹೆಚ್ಚು ವಿಮಾನಗಳು ತಯಾರಾದವು. ಅವು ಹಿಟ್ಲರನ ಯುದ್ಧಕ್ಕೆ ಬಳಕೆಯಾದವು ಎಂಬುದನ್ನೂ ಮರೆಯಬಾರದು. ಇಲ್ಮ್ ಒಂದು ಅಮಾನತ್. ಅದನ್ನು ಯಾರ ಕೈಗೆ ಕೊಡುತ್ತೇವೆ ಎಂಬುದಕ್ಕೂ ನಾವು ಜವಾಬ್ದಾರರು.

ಯುದ್ಧ ಮುಗಿದ ಮೇಲೆ ಟ್ಯಾಂಕ್ ಅರ್ಜೆಂಟೀನಾಕ್ಕೆ ಹೋಗಿ 'ಪುಲ್ಕಿ-2' ಎಂಬ ಜೆಟ್ ವಿಮಾನವನ್ನು ನಿರ್ಮಿಸಿದರು. ಅದರ ಇಂಜಿನ್ ಬ್ರಿಟನ್ನಿನದು. 1955ರಲ್ಲಿ ಅಲ್ಲಿನ ಸರ್ಕಾರ ಉರುಳಿತು. ಮರುವರ್ಷ ಅವರು ತಮ್ಮ ಸಂಗಡಿಗ ಇಂಜಿನಿಯರರೊಂದಿಗೆ ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಬಂದರು. ಶಬ್ದದ ಎರಡು ಪಟ್ಟು ವೇಗದ ವಿಮಾನ ಕಟ್ಟುವುದು ಗುರಿಯಾಗಿತ್ತು. ಮೊದಲು ಅದೇ ಆಕಾರದ ಮರದ ಗ್ಲೈಡರ್ ಮಾಡಿ 1959ರಲ್ಲಿ ಹಾರಿಸಿ ನೋಡಿದರು. 1961ರ ಜೂನ್ 17ರಂದು ಸುರಂಜನ್ ದಾಸ್ ಅವರು ಮಾರುತ್ ವಿಮಾನವನ್ನು ಮೊದಲ ಸಲ ಆಕಾಶಕ್ಕೇರಿಸಿದರು.

ಆದರೆ ಟ್ಯಾಂಕ್ ನಂಬಿದ್ದ ಶಕ್ತಿಶಾಲಿ ಆರ್ಫಿಯಸ್-12 ಇಂಜಿನ್ ಯೋಜನೆಯನ್ನು ಬ್ರಿಟನ್ ಕೈಬಿಟ್ಟಿತು. ಅದನ್ನು ಮುಂದುವರಿಸುವ ಖರ್ಚನ್ನು ಭಾರತ ಸರ್ಕಾರ ಹೊರಲಿಲ್ಲ. ಕೊನೆಗೆ ತಲಾ ಸುಮಾರು 2,200 ಕಿ.ಗ್ರಾಂ. ತಳ್ಳುಬಲದ ಎರಡು ಆರ್ಫಿಯಸ್-703 ಇಂಜಿನ್‌ಗಳಿಗೇ ತೃಪ್ತಿಪಡಬೇಕಾಯಿತು. ಈಜಿಪ್ಟಿನ ಇ-300 ಇಂಜಿನ್ನನ್ನು ಮಾರುತ್‌ನಲ್ಲಿಟ್ಟು ಪರೀಕ್ಷಿಸಿದರೂ ಅದು ಕೈಗೂಡಲಿಲ್ಲ. ರಬಕವಿ-ಬನಹಟ್ಟಿಯ ನೇಕಾರ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಮಗ್ಗ ಎಷ್ಟೇ ಚೆನ್ನಾಗಿದ್ದರೂ ಮೋಟಾರಿಗೆ ಶಕ್ತಿ ಇಲ್ಲದಿದ್ದರೆ ಬಟ್ಟೆ ಬರುವುದಿಲ್ಲ.

ಆಗ ಬೆಂಗಳೂರಿನ ನಮ್ಮ ಇಂಜಿನಿಯರರು ಇದ್ದ ಇಂಜಿನ್ನಿಗೇ ರೀಹೀಟ್ ಜೋಡಿಸಲು ಹೊರಟರು. ರೀಹೀಟ್ ಎಂದರೆ ಇಂಜಿನ್ನಿನ ಬಾಲದಲ್ಲಿ ಇನ್ನಷ್ಟು ಇಂಧನ ಉರಿಸಿ ತಳ್ಳುಬಲ ಹೆಚ್ಚಿಸುವುದು. ಕಬ್ಬಿನ ಹೊಲದಲ್ಲಿ ನೀರಿನ ಪೈಪಿನ ಬಾಯಿ ಒತ್ತಿ ಹಿಡಿದರೆ ನೀರು ದೂರ ಚಿಮ್ಮುತ್ತದೆ. ಜೆಟ್ ಇಂಜಿನ್ನಿನ ನಾಝಲ್ ಕೂಡ ಬಿಸಿ ಅನಿಲವನ್ನು ಹೀಗೆ ವೇಗವಾಗಿ ಹೊರದಬ್ಬುವ ಬಾಯಿ. ರೀಹೀಟ್ ಉರಿದಾಗ ಅನಿಲ ಹಿಗ್ಗುವುದರಿಂದ ಆ ಬಾಯಿ ಅಗಲವಾಗಬೇಕು. ಬಾಲ ದಪ್ಪವಾದರೆ ಗಾಳಿಯ ತಡೆ ಹೆಚ್ಚಿ, ಗಳಿಸಿದ ಬಲದ ಒಂದು ಭಾಗ ಅಲ್ಲೇ ಹೋಗುತ್ತದೆ. 1970ರ ಜನವರಿ 10ರಂದು ರೀಹೀಟ್ ಜೋಡಿಸಿದ ಮಾರುತ್ ಅಪಘಾತಕ್ಕೀಡಾಗಿ ಸುರಂಜನ್ ದಾಸ್ ಪ್ರಾಣ ತೆತ್ತರು. ಬೆಂಗಳೂರಿನ ಒಂದು ರಸ್ತೆ ಇಂದಿಗೂ ಅವರ ಹೆಸರಿನಲ್ಲಿದೆ.

ಮಾರುತ್ ಅಂದುಕೊಂಡ ವೇಗ ಮುಟ್ಟಲಿಲ್ಲ. ಆದರೂ 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ಒಳ್ಳೆಯ ಕೆಲಸ ಮಾಡಿತು. ಒಟ್ಟು 147 ವಿಮಾನಗಳು ತಯಾರಾಗಿ, 1990ರ ಹೊತ್ತಿಗೆ ಸೇವೆಯಿಂದ ನಿವೃತ್ತವಾದವು. ಟ್ಯಾಂಕ್ 1967ರಲ್ಲಿ ಭಾರತ ಬಿಟ್ಟು, 1983ರ ಜೂನ್ 5ರಂದು ಮ್ಯೂನಿಕ್‌ನಲ್ಲಿ ನಿಧನರಾದರು.

ಅವರಿಗೆ ಎದುರಾದ ಪ್ರಶ್ನೆ ಇಂದು ಇನ್ನೂ ಕಠಿಣವಾಗಿದೆ. ರಾಡಾರ್ ಕಣ್ಣಿಗೆ ಸುಲಭವಾಗಿ ಬೀಳದ ಸ್ಟೆಲ್ತ್ ವಿಮಾನಗಳಲ್ಲಿ ಇಂಜಿನ್ನನ್ನು ಮರೆಮಾಡುವುದೂ ಒಂದು ವಿದ್ಯೆ. ಅಮೆರಿಕದ ಎಫ್-22 ವಿಮಾನದ ನಾಝಲ್ ಚಪ್ಪಟೆಯಾಗಿದೆ. ಚಪ್ಪಟೆ ಬಾಯಿಂದ ಹೊರಟ ಬಿಸಿ ಅನಿಲ ತಂಪು ಗಾಳಿಯಲ್ಲಿ ಬೇಗ ಬೆರೆಯುವುದರಿಂದ, ಶಾಖ ಹುಡುಕಿ ಬರುವ ಕ್ಷಿಪಣಿಗೆ ಗುರಿ ಸಿಗುವುದು ಕಷ್ಟ. ಆದರೆ ಒಳಗಿನ ಒತ್ತಡಕ್ಕೆ ಚಪ್ಪಟೆ ಗೋಡೆ ಉಬ್ಬದಂತೆ ತಡೆಯಲು ಹೆಚ್ಚು ಲೋಹ ಬೇಕು, ತೂಕ ಏರುತ್ತದೆ. ಅದಕ್ಕಾಗಿ ಎಫ್-35ರಲ್ಲಿ ಹಗುರವಾದ ದುಂಡು ನಾಝಲ್ ಇಟ್ಟು, ಅದರ ಅಂಚನ್ನು ಗರಗಸದ ಹಲ್ಲಿನಂತೆ ಮಾಡಿದ್ದಾರೆ. ಒಂದು ಲಾಭಕ್ಕೆ ಇನ್ನೊಂದನ್ನು ಬಿಡಲೇಬೇಕು.

ನಮ್ಮ ತೇಜಸ್ ಹಾರುವುದು ಅಮೆರಿಕದ ಇಂಜಿನ್ನಿನಿಂದ. ಅದಕ್ಕಾಗಿ ಬೆಂಗಳೂರಿನಲ್ಲಿ ರೂಪಿಸಿದ ಕಾವೇರಿ ಇಂಜಿನ್ ಬೇಕಾದಷ್ಟು ಬಲ ನೀಡಲಿಲ್ಲ. 2024ರ ಮಾರ್ಚ್‌ನಲ್ಲಿ ಕೇಂದ್ರದ ಒಪ್ಪಿಗೆ ಪಡೆದ ಸ್ಟೆಲ್ತ್ ವಿಮಾನ ಎ.ಎಂ.ಸಿ.ಎ. ಯೋಜನೆಗೂ ಮೊದಲ ಹಂತದಲ್ಲಿ ಅಮೆರಿಕದ ಇಂಜಿನ್ನನ್ನೇ ಆರಿಸಲಾಗಿದೆ. ಕೆಂಡದಂಥ ಅನಿಲದ ನಡುವೆ ಕರಗದೆ, ಬಾಗದೆ ತಿರುಗುವ ಟರ್ಬೈನ್ ಅಲಗುಗಳನ್ನು ಮಾಡುವ ಲೋಹವಿದ್ಯೆ ಹಣ ಕೊಟ್ಟ ಮಾತ್ರಕ್ಕೆ ಸಿಗುವುದಿಲ್ಲ. ಅದಕ್ಕೆ ಎರಡು-ಮೂರು ತಲೆಮಾರಿನ ಮೆಹನತ್ ಬೇಕು.

ಜಮಖಂಡಿ, ಮುಧೋಳ, ಬೀಳಗಿಯ ನಮ್ಮ ಮಕ್ಕಳಲ್ಲಿ ಗ್ಯಾರೇಜಿನಲ್ಲಿ ಇಂಜಿನ್ ಬಿಚ್ಚಿ ಜೋಡಿಸುವ ಕೈಗಳಿಗೆ ಕೊರತೆಯಿಲ್ಲ. ಆ ಕೈಗಳಿಗೆ ಗಣಿತ, ಭೌತಶಾಸ್ತ್ರ, ಲೋಹಶಾಸ್ತ್ರಗಳ ಬೆಂಬಲ ಬೇಕು. ತಂದೆ-ತಾಯಂದಿರೇ, ಹತ್ತನೆಯ ತರಗತಿ ಮುಗಿಯುತ್ತಲೇ ಮಗನನ್ನು ದುಡಿಮೆಗೆ ಹಚ್ಚಬೇಡಿ, ಮಗಳ ಓದನ್ನು ನಿಲ್ಲಿಸಬೇಡಿ. ಟ್ಯಾಂಕ್ ಅವರಿಗೆ ದೊರೆಯದ ಇಂಜಿನ್ನನ್ನು ಈ ದೇಶಕ್ಕೆ ಕೊಡುವವರಲ್ಲಿ ನಮ್ಮ ಮಕ್ಕಳೂ ಇರಲಿ. ಆಮೀನ್.